ಬರೆದದ್ದನ್ನು ಓದುವವರು, ಬರೆಯದ್ದನ್ನೂ ಓದುವವರು

ನಮ್ಮ ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ಸಂಘದ ಕಾರ್ಯದರ್ಶಿಗಳು ಒಂದು ಸೂಚನೆ ಹಾಕಿದರು: "ಕೆಲವರು ಖಾಲಿ ಸೈಟಿನಲ್ಲಿ ಕಸ ಸುರಿಯುತ್ತಿರುವುದು ಗಮನಕ್ಕೆ ಬಂದಿದೆ. ಸಂಬಂಧಪಟ್ಟವರು ಇನ್ನಾದರೂ ಅರ್ಥ ಮಾಡಿಕೊಂಡು ಸಹಕರಿಸಬೇಕಾಗಿ ವಿನಂತಿ." ಸ್ವಲ್ಪ ಹೊತ್ತಿಗೆಲ್ಲ ಅದರ ಕೆಳಗೆ ಕೈಮುಗಿದ ಚಿತ್ರಗಳ ಸಾಲು. ಎಲ್ಲರಿಗೂ ಅರ್ಥವಾಗಿಹೋಗಿತ್ತು. ಮೂಲೆಮನೆಯವರಿಗೆ ಹೇಳಿದ್ದು ಅಂತ ನನಗೆ ಅರ್ಥವಾಗಿತ್ತು. ಮಹಡಿಗೆ ಹೊಸದಾಗಿ ಬಂದ ಬಾಡಿಗೆಯವರಿಗೆ ಅಂತ ಪಕ್ಕದ ಮನೆ ಮೇಷ್ಟ್ರಿಗೆ ಅರ್ಥವಾಗಿತ್ತು. ಮೇಷ್ಟ್ರ ಮನೆಯವರಿಗೇ ಅಂತ ಮೂಲೆಮನೆಯವರಿಗೆ ಅರ್ಥವಾಗಿತ್ತಂತೆ. ಅದು ಆಮೇಲೆ ಬಯಲಾಯಿತು.

ಅರ್ಥವಾಗದೆ ಉಳಿದವನು ಒಬ್ಬನೇ, ಮೇಷ್ಟ್ರ ತಂಗಿಯ ಮಗ. ಮಾವನ ಫೋನು ತೆಗೆದು ನೋಡಿ, "ಯಾವ ಸೈಟು ಮಾವ? ಮೂರು ಖಾಲಿ ಸೈಟಿವೆ. ಸಂಬಂಧಪಟ್ಟವರು ಅಂದ್ರೆ ಯಾರು? ಏನನ್ನ ಅರ್ಥ ಮಾಡ್ಕೋಬೇಕು?" ಅಂತ ಕೇಳಿದ. ಮೇಷ್ಟ್ರು ಕಾಂಪೌಂಡಿಗೆ ಬಂದು ನನ್ನ ಹತ್ತಿರ ಹೇಳಿಕೊಂಡರು. "ನೋಡಿ ರಾಯರೇ, ಡಬಲ್ ಡಿಗ್ರಿ ಮಾಡಿದಾನೆ. ಎರಡು ಸಾಲು ಓದಿದ್ರೆ ತಲೆಗೆ ಹೋಗಲ್ಲ."

"ಮೇಷ್ಟ್ರೇ, ಇಡೀ ಬಡಾವಣೆಯಲ್ಲಿ ಆ ಎರಡು ಸಾಲನ್ನ ಸರಿಯಾಗಿ ಓದಿದವನು ಅವನೊಬ್ಬನೇ" ಅಂದೆ. ಅಲ್ಲಿಂದ ಶುರುವಾದದ್ದು ಈ ಹರಟೆ. ಪೇಪರು ಮುಗಿಸಿ ಎರಡನೇ ಕಾಫಿ ಬರುವವರೆಗಿನ ಹೊತ್ತು ಈಗ ಇದಕ್ಕೇ ಮೀಸಲು.

ಹುಡುಗ ಅಂತೇನೆ, ಮೂವತ್ತು ದಾಟಿದೆ. ಬೆಂಗಳೂರಿನಲ್ಲಿ ಒಂದು ಬ್ಯಾಂಕಿನ ಲೆಕ್ಕಪತ್ರ ನೋಡುವ ವಿಭಾಗದಲ್ಲಿದ್ದಾನೆ, ರಜೆ ಸಿಕ್ಕರೆ ಮಾವನ ಮನೆಗೆ ಬರುತ್ತಾನೆ. ಅವನಿಗೆ ಆಟಿಸಂ ಇದೆ ಅಂತ ವೈದ್ಯರು ಹೇಳಿದ್ದು ಕೆಲಸಕ್ಕೆ ಸೇರಿ ಎಷ್ಟೋ ವರ್ಷಗಳಾದ ಮೇಲೆ. ಮನೆಯವರಿಗೆ ಗಾಬರಿಯಾಯಿತು, ಅವನಿಗೆ ಮಾತ್ರ ಸಮಾಧಾನವೇ ಆಯಿತಂತೆ. ನಾನೋ, ಜೀವಮಾನವೆಲ್ಲ ಮುದ್ರಣಾಲಯದಲ್ಲಿ ಪ್ರೂಫ್ ತಿದ್ದಿದವನು. ಜನ ಹೇಗೆ ಓದುತ್ತಾರೆ ಅನ್ನುವುದರ ಬಗ್ಗೆ ನನಗೆ ಮೊದಲಿಂದಲೂ ಒಳ್ಳೆಯ ಅಭಿಪ್ರಾಯವಿಲ್ಲ.

ಕೆಲಸಕ್ಕೆ ಸೇರಿದಾಗ ಹಿರಿಯರೊಬ್ಬರು ಹೇಳಿದ್ದರು, "ಅರ್ಥ ಓದಬೇಡ, ಅಕ್ಷರ ಓದು" ಅಂತ. ಅರ್ಥದ ಬೆನ್ನು ಹತ್ತಿದರೆ ಕಣ್ಣಿಗೆ ತಪ್ಪು ಕಾಣುವುದಿಲ್ಲ. ಮದುವೆ ಕರೆಯೋಲೆಯ ಕರಡನ್ನು ಹುಡುಗಿಯ ಅಪ್ಪ, ಚಿಕ್ಕಪ್ಪ, ಸೋದರಮಾವ ಎಲ್ಲರೂ ಓದಿ ರುಜು ಹಾಕಿ ಕಳಿಸುತ್ತಿದ್ದರು. ತಾರೀಖು ಸರಿಯಿದ್ದು ವಾರ ತಪ್ಪಿದ್ದರೆ ಒಬ್ಬರಿಗೂ ಕಂಡಿರುತ್ತಿರಲಿಲ್ಲ. ಮದುವೆ ಭಾನುವಾರ ಅಂತ ಅವರಿಗೆ ಮೊದಲೇ ಗೊತ್ತು, ಹಾಗಾಗಿ ಕಾಗದದ ಮೇಲೂ ಭಾನುವಾರವೇ ಕಾಣುತ್ತದೆ. ಕಾಗದದಲ್ಲಿ ಶನಿವಾರ ಇದ್ದರೂನೂ.

ಮೇಷ್ಟ್ರು ಒಪ್ಪಲಿಲ್ಲ. ಕನ್ನಡ ಪಾಠ ಮಾಡಿ ನಿವೃತ್ತರಾದವರು, ಓದುವುದರ ವಿಷಯದಲ್ಲಿ ಅವರಿಗೆ ಸ್ವಾಭಿಮಾನ ಜಾಸ್ತಿ. "ಅವೆಲ್ಲ ಅವಸರದಲ್ಲಿ ಓದೋರ ಕಥೆ" ಅಂದರು. ಸರಿ, ಒಂದು ಪ್ರಶ್ನೆ ಕೇಳಲಾ ಅಂದೆ. "ಕೇಳಿ." "ಲಕ್ಷ್ಮಣ ಯಾರ ಬಿಲ್ಲು ಮುರಿದು ಸೀತೆಯನ್ನ ಮದುವೆಯಾದ?" "ಇದೂ ಒಂದು ಪ್ರಶ್ನೆಯೇ ರಾಯರೇ, ಶಿವನ ಬಿಲ್ಲು!" ಅಂತ ಥಟ್ಟನೆ ಹೇಳಿ, ಗೆದ್ದ ಮುಖ ಮಾಡಿ ನಿಂತರು. ಒಳಗಿನಿಂದ ಅವರ ಮನೆಯವರು ಕಿಸಕ್ಕನೆ ನಕ್ಕದ್ದು ಕೇಳಿಸಿತು. ಮೇಷ್ಟ್ರಿಗೆ ವಿಷಯ ಹೊಳೆದು ಮುಖ ಕೆಂಪಾಗಲು ಮತ್ತಷ್ಟು ಹೊತ್ತು ಹಿಡಿಯಿತು.

ಅವರನ್ನು ಸಮಾಧಾನ ಮಾಡಲಿಕ್ಕೆ ಹೇಳಿದೆ: ಇದು ನಿಮ್ಮೊಬ್ಬರ ಕಥೆಯಲ್ಲ. 1981ರಲ್ಲಿ ಅಮೆರಿಕದಲ್ಲಿ ಎರಿಕ್ಸನ್, ಮ್ಯಾಟ್ಸನ್ ಅನ್ನುವ ಇಬ್ಬರು ಇಂಥದ್ದೇ ಪ್ರಶ್ನೆ ಕೇಳಿದ್ದರು. ಜಲಪ್ರಳಯದ ಸಮಯದಲ್ಲಿ ಮೋಶೆ ತನ್ನ ನಾವೆಗೆ ಪ್ರತಿ ಪ್ರಾಣಿಯಲ್ಲೂ ಎಷ್ಟೆಷ್ಟನ್ನು ಹತ್ತಿಸಿಕೊಂಡ? ಬೈಬಲ್ ಚೆನ್ನಾಗಿ ಗೊತ್ತಿದ್ದವರೂ ಎರಡೆರಡು ಅಂದುಬಿಟ್ಟರು. ನಾವೆ ನೋಹನದ್ದು, ಮೋಶೆಗೂ ಅದಕ್ಕೂ ಸಂಬಂಧವಿಲ್ಲ. ಅದಕ್ಕೂ ಹಿಂದೆ ಕೇಂಬ್ರಿಜ್‌ನಲ್ಲಿ ಫ್ರೆಡೆರಿಕ್ ಬಾರ್ಟ್ಲೆಟ್ ಅನ್ನುವವರು ಉತ್ತರ ಅಮೆರಿಕದ ಮೂಲನಿವಾಸಿಗಳ ಒಂದು ಜನಪದ ಕಥೆಯನ್ನು ಇಂಗ್ಲಿಷರಿಗೆ ಓದಲು ಕೊಟ್ಟು, ಆಮೇಲೆ ನೆನಪಿನಿಂದ ಬರೆಯಲು ಹೇಳಿದ್ದರು. ಕಥೆಯಲ್ಲಿದ್ದ ಮರದ ದೋಣಿ ಅವರ ಬರವಣಿಗೆಯಲ್ಲಿ ಇಂಗ್ಲಿಷ್ ಬೋಟಾಯಿತು. ಸೀಲ್ ಬೇಟೆಗೆ ಹೋಗಿದ್ದವರು ಮೀನು ಹಿಡಿಯಲು ಹೋದರು. ಭೂತಪ್ರೇತದ ಭಾಗ ತಮಗೆ ಒಗ್ಗಲಿಲ್ಲವಾಗಿ ಅದನ್ನು ಸವರಿ ನುಣ್ಣಗೆ ಮಾಡಿದರು. ಬಾರ್ಟ್ಲೆಟ್ ಇದನ್ನು 1932ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಆ ಓದುಗರಾರಿಗೂ ಆಟಿಸಂ ಇತ್ತೆಂದು ಯಾರೂ ಹೇಳಿಲ್ಲ. ಸಾಮಾನ್ಯ ಓದುಗ ಅಂದರೆ ಇವನೇ: ಅರ್ಧ ಪುಟದಿಂದ ಓದಿ, ಇನ್ನರ್ಧ ತಲೆಯಿಂದ ತುಂಬಿಸಿ, ಎರಡನ್ನೂ ಪುಟದಲ್ಲೇ ಕಂಡೆ ಅಂತ ಆಣೆ ಮಾಡುವವನು.

"ಹಾಗಾದ್ರೆ ನನ್ನ ಸೋದರಳಿಯ ಹೇಗೆ ಓದ್ತಾನೆ?" ಅಂದರು ಮೇಷ್ಟ್ರು.

ಇದನ್ನು ಹೇಳಲು ಮೊದಲು ಕಣ್ಣಿನ ವಿಷಯ ಹೇಳಬೇಕು. ಓದುವಾಗ ಕಣ್ಣು ಸಾಲಿನ ಮೇಲೆ ಒಂದೇ ಸಮನೆ ಜಾರಿಕೊಂಡು ಹೋಗುತ್ತದೆ ಅಂತ ನಮಗೆ ಅನ್ನಿಸುತ್ತದೆ. ಹಾಗಿಲ್ಲ. ಕೋಳಿ ಕಾಳು ಕುಕ್ಕುವ ಹಾಗೆ ಅದು ನೆಗೆದು ನಿಲ್ಲುತ್ತದೆ, ಮತ್ತೆ ನೆಗೆಯುತ್ತದೆ. ನಿಂತಾಗ ಹೆಚ್ಚುಕಡಿಮೆ ಕಾಲು ಸೆಕೆಂಡು. ಚಿಕ್ಕ ಪದ, ನಿರೀಕ್ಷಿತ ಪದ ಬಂದರೆ ನಿಲ್ಲದೆ ದಾಟಿಬಿಡುತ್ತದೆ. ಆಗಾಗ ಹಿಂದಕ್ಕೂ ಹೋಗುತ್ತದೆ. ಇದನ್ನೆಲ್ಲ ಅಳೆಯುವ ಕ್ಯಾಮೆರಾಗಳಿವೆ. ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ ವ್ಯಾಲೆರಿ ಬೆನ್ಸನ್, ಸೈಮನ್ ಲಿವರ್ಸೆಡ್ಜ್, ಫಿಲಿಪ್ಪಾ ಹೊವಾರ್ಡ್ ಮೊದಲಾದವರು ಆಟಿಸಂ ಇರುವ ವಯಸ್ಕರನ್ನೂ ಇಲ್ಲದವರನ್ನೂ ಆ ಕ್ಯಾಮೆರಾದ ಮುಂದೆ ಕೂರಿಸಿ ವಾಕ್ಯ ಓದಿಸಿದರು. 2017ರಲ್ಲಿ ಬಂದ ಅವರ ಬರಹಗಳು ಇದ್ದುದರಲ್ಲಿ ಸ್ಪಷ್ಟವಾಗಿವೆ. ಪದ ಗುರುತಿಸುವುದರಲ್ಲಿ ಇಬ್ಬರಿಗೂ ವ್ಯತ್ಯಾಸವಿಲ್ಲ. ಬಳಕೆಯ ಪದದ ಮೇಲೆ ಇಬ್ಬರ ಕಣ್ಣೂ ಕಡಿಮೆ ಹೊತ್ತು ನಿಲ್ಲುತ್ತದೆ, ಅಪರೂಪದ ಪದದ ಮೇಲೆ ಇಬ್ಬರದೂ ಹೆಚ್ಚು ಹೊತ್ತು. ವ್ಯತ್ಯಾಸ ಕಂಡದ್ದು ಆಮೇಲೆ: ಆಟಿಸಂ ಇರುವವರು ಓದಿದ ವಾಕ್ಯಕ್ಕೇ ಮತ್ತೆ ಹಿಂತಿರುಗುವುದು ಹೆಚ್ಚು. ಅರ್ಥವಾಗಿದೆ, ಆದರೂ ಒಂದು ಸಲ ನೋಡಿಬಿಡೋಣ ಅನ್ನುವ ಎಚ್ಚರಿಕೆ ಅದು.

ಇನ್ನೊಂದು ಪ್ರಯೋಗ ನನಗೆ ತುಂಬ ಹಿಡಿಸಿತು. ಲೋಕಜ್ಞಾನವನ್ನು ಓದಿನಲ್ಲಿ ಯಾರು ಎಷ್ಟು ಬೇಗ ಬಳಸುತ್ತಾರೆ ಅಂತ ನೋಡುವುದು. ವಾಕ್ಯಗಳ ಧಾಟಿ ಹೇಗೆ ಅಂದರೆ, ನಮ್ಮ ಅಡುಗೆಮನೆಯದ್ದೇ ತಗೊಳ್ಳಿ: "ಅವನು ಸೌತೆಕಾಯಿ ಹೆಚ್ಚಲು ಚಾಕು ತಂದ." ಸರಿ. "ಅವನು ಸೌತೆಕಾಯಿ ಹೆಚ್ಚಲು ಕೊಡಲಿ ತಂದ." ವಿಚಿತ್ರ, ಆದರೆ ಆಗದ ಮಾತಲ್ಲ. "ಅವನು ಸೌತೆಕಾಯಿಗೆ ಗಾಳಿ ತುಂಬಲು ಪಂಪು ತಂದ." ಇದು ಶುದ್ಧ ಅಸಂಬದ್ಧ. ಗಾಳಿ ತುಂಬುವ ಬಗೆಯ ವಾಕ್ಯ ಬಂದಾಗ ಎರಡೂ ಗುಂಪಿನವರ ಕಣ್ಣು ಒಂದೇ ವೇಗದಲ್ಲಿ ತಡವರಿಸಿತು. ಕೊಡಲಿಯ ಬಗೆಯ ವಾಕ್ಯಕ್ಕೆ ಮಾತ್ರ ಆಟಿಸಂ ಇರುವವರ ಕಣ್ಣು ತಡವರಿಸಿದ್ದು ಕೊಂಚ ತಡವಾಗಿ. ಇದನ್ನು ಕೊರತೆ ಅನ್ನಬೇಕೋ, ಕೊಡಲಿಗೆ ಕೊಟ್ಟ ನ್ಯಾಯ ಅನ್ನಬೇಕೋ ನೀವೇ ಹೇಳಿ. ಮಲೆನಾಡಿನ ಮದುವೆಮನೆಯಲ್ಲಿ ಹಲಸಿನಕಾಯಿಗೆ ಕೊಡಲಿ ಎತ್ತಿದವರನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಮೇಷ್ಟ್ರು ಇಲ್ಲಿ ತಮ್ಮ ಬ್ರಹ್ಮಾಸ್ತ್ರ ತೆಗೆದರು. "ರಾಯರೇ, ಸೌತೆಕಾಯಿ ಬಿಡಿ. ಸಾಹಿತ್ಯಕ್ಕೆ ಬನ್ನಿ. ಆಡಿದ ಮಾತಿನ ಹಿಂದೆ ಆಡದ ಮಾತಿರುತ್ತೆ, ಅದು ಧ್ವನಿ. ಆನಂದವರ್ಧನ ಒಂಬತ್ತನೇ ಶತಮಾನದಲ್ಲೇ ಹೇಳಿದಾನೆ. ಅಕ್ಷರಕ್ಕೆ ಜೋತುಬಿದ್ದವನಿಗೆ ಅದು ದಕ್ಕುತ್ತಾ?"

ನಾನೂ ಅಲಂಕಾರಶಾಸ್ತ್ರದ ಪುಸ್ತಕಗಳ ಪ್ರೂಫ್ ನೋಡಿದವನೇ. ಅರ್ಥವಾಗಿದ್ದು ಕಡಿಮೆ, ಅಕ್ಷರ ಮಾತ್ರ ನೆನಪಿದೆ. ಕೇಳಿದೆ: "ಗಂಗೆಯಲ್ಲಿ ಹಳ್ಳಿ ಅಂತ ಒಂದು ಉದಾಹರಣೆ ಬರುತ್ತಲ್ಲ ಮೇಷ್ಟ್ರೇ, ಅದನ್ನ ಹೇಗೆ ಪಾಠ ಮಾಡ್ತಿದ್ರಿ?" ಅವರಿಗೆ ಹುರುಪು ಬಂತು. ಮೊದಲು ವಾಚ್ಯಾರ್ಥ ತಗೋಬೇಕು: ಗಂಗೆಯ ನೀರಿನಲ್ಲೇ ಹಳ್ಳಿ. ಆಮೇಲೆ ಅದು ಹೊಂದುತ್ತದೆಯೇ ನೋಡಬೇಕು. ಹೊಂದುವುದಿಲ್ಲ, ನೀರಿನ ಮೇಲೆ ಹಳ್ಳಿ ಇರಲಾರದು. ಅದಕ್ಕೆ ಮುಖ್ಯಾರ್ಥಬಾಧೆ ಅನ್ನುತ್ತಾರೆ. ಬಾಧೆ ಬಂದ ಮೇಲಷ್ಟೇ ಲಕ್ಷಣೆ: ಗಂಗೆಯ ದಡದಲ್ಲಿ ಹಳ್ಳಿ. ಅದರಿಂದಾಚೆಗೆ ತಂಪು, ಪಾವಿತ್ರ್ಯ ಇವೆಲ್ಲ ವ್ಯಂಗ್ಯವಾಗಿ ಹೊಮ್ಮುತ್ತವೆ. ಮೇಷ್ಟ್ರು ತರಗತಿಯಲ್ಲಿದ್ದ ಹಾಗೆಯೇ ಬೆರಳು ಮಡಿಸಿ ಮಡಿಸಿ ಹೇಳಿದರು.

"ಅಂದ್ರೆ ಶಾಸ್ತ್ರದ ಪ್ರಕಾರ ಮೊದಲು ಅಕ್ಷರಾರ್ಥ. ಅದು ಮುರಿದುಬಿದ್ದರೆ ಮಾತ್ರ ಮುಂದಿನದು. ಹೌದಾ?"

"ಹೌದು."

"ಹಾಗಾದ್ರೆ ಶಾಸ್ತ್ರೋಕ್ತವಾಗಿ ಓದ್ತಿರೋನು ನಿಮ್ಮ ಹುಡುಗ. ನಾವು ಮೊದಲನೇ ಮೆಟ್ಟಿಲು ತುಳಿಯದೇ ಮೂರನೇದಕ್ಕೆ ಹಾರ್ತೀವಿ. ಕಾಲು ಜಾರಿದ್ದೂ ಗೊತ್ತಾಗಲ್ಲ."

ಮೇಷ್ಟ್ರು ಬಾಯಿ ತೆರೆದು ಮುಚ್ಚಿದರು. ಗೆದ್ದೆ ಅಂದುಕೊಂಡೆ, ಆದರೆ ಅವರು ಅಷ್ಟು ಸುಲಭಕ್ಕೆ ಬಿಡುವವರಲ್ಲ. "ಮೂರನೇ ಮೆಟ್ಟಿಲಿಗೆ ಅವನು ಬಂದೇ ಬರ್ತಾನೆ ಅಂತ ಏನು ಗ್ಯಾರಂಟಿ?" ಅಂದರು. ಒಳ್ಳೆಯ ಪ್ರಶ್ನೆ. ಅದಕ್ಕೂ ಕ್ಯಾಮೆರಾ ಇಟ್ಟು ನೋಡಿದ್ದಾರೆ. 2015ರಲ್ಲಿ ಅದೇ ಇಂಗ್ಲೆಂಡಿನ ತಂಡದವರಲ್ಲಿ ಕೆಲವರು ವ್ಯಂಗ್ಯದ ಮಾತಿರುವ ಸಣ್ಣ ಸಣ್ಣ ಪ್ರಸಂಗಗಳನ್ನು ಓದಿಸಿದರು. ನಮ್ಮಲ್ಲಿ ವಿಪರೀತ ಲಕ್ಷಣೆ ಅನ್ನುತ್ತಾರಲ್ಲ, ಕೆಡುಕು ಮಾಡಿದವನಿಗೆ "ಬಹಳ ಉಪಕಾರವಾಯ್ತಪ್ಪ" ಅನ್ನುವುದು, ಅಂಥದ್ದು. ಆಟಿಸಂ ಇರುವ ವಯಸ್ಕರು ಆ ವ್ಯಂಗ್ಯವನ್ನು ಮಿಕ್ಕವರಷ್ಟೇ ಸರಿಯಾಗಿ ಹಿಡಿದರು. ನೇರ ಮಾತಿಗಿಂತ ವ್ಯಂಗ್ಯಕ್ಕೆ ಇಬ್ಬರಿಗೂ ಹೆಚ್ಚು ಹೊತ್ತು ಹಿಡಿಯಿತು. ಆಟಿಸಂ ಇರುವವರು ಒಟ್ಟಾರೆ ನಿಧಾನ, ಹಿಂತಿರುಗಿ ಓದಿದ್ದು ಹೆಚ್ಚು. ಅಷ್ಟೇ ಹೆಚ್ಚುಕಡಿಮೆ. ಓದುವುದರಲ್ಲಿ ಇದೊಂದು ಅನುಕೂಲ: ಎದುರಿಗೆ ನಿಂತವನ ವ್ಯಂಗ್ಯ ಗಾಳಿಯಲ್ಲಿ ಹೋಗಿಬಿಡುತ್ತದೆ, ಪುಟದ ಮೇಲಿನದು ಎರಡನೇ ಸಲ ಓದುವವರೆಗೂ ಕಾಯುತ್ತದೆ.

ಹಾಗಂತ ಕಷ್ಟವೇ ಇಲ್ಲ ಅಂದರೆ ಅದು ಸುಳ್ಳಾಗುತ್ತದೆ. 2013ರಲ್ಲಿ ಹಳೆಯ 36 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರಿದ್ದಾರೆ. ಆಟಿಸಂ ಇದೆ ಅನ್ನುವುದೊಂದರಿಂದಲೇ ಓದು ಹೇಗಿರುತ್ತದೆ ಅಂತ ಹೇಳಲಾಗದು, ಪದಸಂಪತ್ತು ಎಷ್ಟಿದೆ, ಅಕ್ಷರ ಬಿಡಿಸಿ ಓದುವ ಶಕ್ತಿ ಎಷ್ಟಿದೆ ಅನ್ನುವುದೇ ಮುಖ್ಯ ಅಂತ ಅವರಿಗೆ ಕಂಡಿತು. ಆದರೆ ಮನುಷ್ಯರ ನಡುವಿನ ವ್ಯವಹಾರ ಗೊತ್ತಿದ್ದರಷ್ಟೇ ಬಿಡಿಸಿಕೊಳ್ಳಬಹುದಾದ ಬರಹದಲ್ಲಿ ಇವರಿಗೆ ಹೆಚ್ಚು ತೊಡಕು, ಅಂಥ ವ್ಯವಹಾರ ಕಡಿಮೆಯಿರುವ ಬರಹದಲ್ಲಿ ಕಡಿಮೆ. ಹುಡುಗನೇ ಹೇಳುತ್ತಾನೆ: ಮೇಲಧಿಕಾರಿಯ ಈಮೇಲಿನಲ್ಲಿ "ಸಮಯವಾದಾಗ ನೋಡಿ" ಅಂತಿದ್ದರೆ ಅವನಿಗೆ ಆ ದಿನವೆಲ್ಲ ತಲೆನೋವು. ಯಾರ ಸಮಯ? ಈಗಲೇ ಅಂತಲೋ, ಬೇಡ ಅಂತಲೋ? ಮತ್ತೆ ಮತ್ತೆ ಓದಿ ದಣಿಯುತ್ತಾನೆ. ಪಕ್ಕದ ಮೇಜಿನವನು ಒಂದೇ ಸಲ ಓದಿ "ಈಗಲೇ" ಅಂತ ತಿಳಿದುಕೊಂಡು ಕೆಲಸ ಮುಗಿಸಿ ಹೋಗಿರುತ್ತಾನೆ.

ಆಟಿಸಂ ಇರುವವರ ಓದಿನ ಬಗ್ಗೆ ದೊಡ್ಡವರು ಏನೇನು ಹೇಳುತ್ತ ಬಂದರು ಅನ್ನುವುದೇ ಒಂದು ಪುರಾಣ. ಅದರಲ್ಲಿ ಒಂದೆರಡು ಅಧ್ಯಾಯ ಮಾತ್ರ ಹೇಳುತ್ತೇನೆ. ಮೂರು ವರ್ಷಕ್ಕೇ ಗಟಗಟ ಓದಿ, ಓದಿದ್ದರ ಅರ್ಥ ಹೇಳಲಾಗದ ಮಕ್ಕಳಿಗೆ ಹೈಪರ್‌ಲೆಕ್ಸಿಯಾ ಅಂತ ಹೆಸರಿಟ್ಟದ್ದು 1967ರಲ್ಲಿ. ಲಂಡನ್ನಿನಲ್ಲಿ ಊಟಾ ಫ್ರಿತ್, ಮ್ಯಾಗಿ ಸ್ನೋಲಿಂಗ್ 1983ರಲ್ಲಿ ಒಂದು ಪರೀಕ್ಷೆ ಮಾಡಿದರು. ಇಂಗ್ಲಿಷಿನಲ್ಲಿ ಒಂದೇ ಕಾಗುಣಿತಕ್ಕೆ ಎರಡು ಉಚ್ಚಾರಣೆ ಇರುವ ಪದಗಳಿವೆ. ಕಣ್ಣೀರಾದರೆ ಟಿಯರ್, ಬಟ್ಟೆ ಹರಿದದ್ದಾದರೆ ಟೇರ್, ಬರೆಯುವುದು ಒಂದೇ. ವಾಕ್ಯ ನೋಡಿಕೊಂಡು ಸರಿಯಾದ ಉಚ್ಚಾರಣೆ ಹೇಳಬೇಕು. ಆಟಿಸಂ ಇದ್ದ ಮಕ್ಕಳು ಅಲ್ಲಿ ಎಡವಿದರು. ಇವರು ಬಿಡಿ ಬಿಡಿ ನೋಡುತ್ತಾರೆ, ಇಡಿಯಾಗಿ ಕೂಡಿಸುವ ಸೆಳೆತ ಕಡಿಮೆ ಅನ್ನುವ ಫ್ರಿತ್ ಅವರ ಪ್ರಸಿದ್ಧ ವಾದಕ್ಕೆ ಅದೂ ಒಂದು ಕಂಬ. ಅದೇ ಇಬ್ಬರು 1986ರಲ್ಲಿ ಮತ್ತೆ ನೋಡಿದಾಗ ಭಾಷೆ ಚೆನ್ನಾಗಿದ್ದ ಮಕ್ಕಳು ಎಡವಲಿಲ್ಲ. ಆಟಿಸಂ ಇರುವ ವಯಸ್ಕರ ಮೇಲೆ 1999ರಲ್ಲಿ ನಡೆದ ಪರೀಕ್ಷೆಯಲ್ಲಿ ಕಂಡದ್ದು, ಸಂದರ್ಭ ನೋಡಿಕೊಳ್ಳುವುದು ಅವರಿಗೆ ತಾನಾಗಿ ಬರುವುದು ಕಡಿಮೆ ಅಂತ. ಈ ಪರೀಕ್ಷೆಯನ್ನು ನಮ್ಮ ಹುಡುಗನ ಮೇಲೆ ಕನ್ನಡದಲ್ಲಿ ಮಾಡೋಣ ಅಂದರೆ ಸಾಧ್ಯವಿಲ್ಲ. ನಮ್ಮ ಲಿಪಿ ಬರೆದ ಹಾಗೆ ಓದಿಸಿಕೊಳ್ಳುತ್ತದೆ, ಅಂಥ ಕಳ್ಳಾಟ ಅದಕ್ಕಿಲ್ಲ.

ಎರಡನೇ ಅಧ್ಯಾಯ ಇನ್ನೂ ಸ್ವಾರಸ್ಯ. ಕೇಂಬ್ರಿಜ್‌ನ ಸೈಮನ್ ಬ್ಯಾರನ್-ಕೋಹೆನ್ ಮತ್ತವರ ಜತೆಯವರು 2001ರಲ್ಲಿ 50 ಹೇಳಿಕೆಗಳ ಒಂದು ಪ್ರಶ್ನಾವಳಿ ಮಾಡಿದರು. ಒಬ್ಬರಲ್ಲಿ ಆಟಿಸಂನ ಲಕ್ಷಣ ಎಷ್ಟಿದೆ ಅಂತ ಅಂದಾಜು ಮಾಡಲು ಇವತ್ತಿಗೂ ಅದನ್ನು ಬಳಸುತ್ತಾರೆ. ಅದರಲ್ಲಿ ಒಂದು ಹೇಳಿಕೆಯ ಸಾರ ಹೀಗೆ: ಕಥೆ ಕಾದಂಬರಿ ಓದುವುದು ನನಗೆ ಅಷ್ಟಾಗಿ ಹಿಡಿಸುವುದಿಲ್ಲ. ಹೌದು ಅಂದರೆ ಒಂದು ಅಂಕ. ಹಾಗೆ ಅಂಕ ಕೊಟ್ಟು ಆರಿಸಿದ ಮೇಲೆ, ಆಟಿಸಂ ಇರುವವರಿಗೆ ಕಾದಂಬರಿ ಹಿಡಿಸುವುದಿಲ್ಲ ಅನ್ನುವ ಮಾತು ತಾನೇ ತಾನಾಗಿ ಗಟ್ಟಿಯಾಗುತ್ತದೆ. ಹುಡುಗ ಆ ಪ್ರಶ್ನಾವಳಿ ತುಂಬಿದವನು. "ಯಾವ ಕಾದಂಬರಿ ಅಂತ ಹಾಕಿಲ್ಲ ಅಂಕಲ್, ಹೇಗೆ ಟಿಕ್ ಮಾಡೋದು?" ಅಂತ ಅಲ್ಲೇ ನಿಂತನಂತೆ. ಅವನ ಕಪಾಟಿನಲ್ಲಿ ಕಾದಂಬರಿ ಬಿಟ್ಟು ಬೇರೆ ಇಲ್ಲ.

ಇದೆಲ್ಲ ಕೇಳಿದರೆ ನನಗೆ ಲಿಯೋ ಕ್ಯಾನರ್ ನೆನಪಾಗುತ್ತಾರೆ. 1943ರಲ್ಲಿ ಬಾಲ್ಟಿಮೋರಿನಲ್ಲಿ ಹನ್ನೊಂದು ಮಕ್ಕಳ ವಿವರ ಬರೆದು ಆಟಿಸಂಗೆ ವೈದ್ಯಲೋಕದಲ್ಲಿ ಜಾಗ ಕೊಟ್ಟವರು. ಅವರೇ 1946ರಲ್ಲಿ ಇನ್ನೊಂದು ಲೇಖನ ಬರೆದರು, ಅದನ್ನು ಜನ ಅಷ್ಟಾಗಿ ನೆನೆಯುವುದಿಲ್ಲ. ಒಬ್ಬ ಹುಡುಗ ಪಾತ್ರೆ ಕಂಡಾಗಲೆಲ್ಲ ಅದಕ್ಕೆ ಏನೂ ಸಂಬಂಧವಿಲ್ಲದ ಒಂದು ಮಾತು ಹೇಳುತ್ತಿದ್ದ. ಕೇಳಿದವರಿಗೆ ಬರೀ ಅಸಂಬದ್ಧ. ತಾಯಿಯನ್ನು ವಿಚಾರಿಸಿದಾಗ ಹೊರಬಿತ್ತು: ಅವನು ಎರಡು ವರ್ಷದವನಿದ್ದಾಗ ತಾಯಿ ಅಡುಗೆಮನೆಯಲ್ಲಿ ಒಂದು ಶಿಶುಪ್ರಾಸ ಹೇಳಿಕೊಡುತ್ತಿದ್ದರು, ಅಷ್ಟರಲ್ಲಿ ಕೈಯಿಂದ ಪಾತ್ರೆ ಜಾರಿ ಬಿತ್ತು. ಅವತ್ತಿನಿಂದ ಆ ಪ್ರಾಸದ ಪದವೇ ಅವನಿಗೆ ಪಾತ್ರೆಯ ಹೆಸರು. ಕ್ಯಾನರ್ ಇದನ್ನು ರೂಪಕ ಅಂತಲೇ ಕರೆದರು. ರೂಪಕ ಗೊತ್ತಾಗದ ಮಕ್ಕಳು ಅಂತ ಮುಂದೆ ಯಾರನ್ನು ಕರೆದರೋ ಅವರೇ ರೂಪಕ ಕಟ್ಟುತ್ತಿದ್ದರು. ಓದಲು ಬಾರದೆ ಹೋದದ್ದು ಸುತ್ತಲಿದ್ದವರಿಗೆ. ಬ್ರಿಟನ್ನಿನ ಡೇಮಿಯನ್ ಮಿಲ್ಟನ್, ಸ್ವತಃ ಆಟಿಸಂ ಇರುವ ಸಮಾಜಶಾಸ್ತ್ರಜ್ಞ, 2012ರಲ್ಲಿ ಹೇಳಿದ್ದೂ ಇದನ್ನೇ: ಒಬ್ಬರನ್ನೊಬ್ಬರು ಅರ್ಥ ಮಾಡಿಕೊಳ್ಳಲಾಗದ ತೊಂದರೆ ಎರಡೂ ಕಡೆಯದು, ಒಂದೇ ಕಡೆಯ ತಲೆಗೆ ಕಟ್ಟಬೇಡಿ.

ನಮ್ಮ ಕಡೆ ಇದನ್ನು ನೋಡಬೇಕಾದರೆ ಒಂದು ಮದುವೆ ಕರೆಯೋಲೆ ಸಾಕು. "ಸಕುಟುಂಬ ಸಪರಿವಾರ ಸಮೇತರಾಗಿ ಆಗಮಿಸಿ" ಅಂತಿರುತ್ತದೆ. ಮನೆಯವರೆಲ್ಲ ಹೋಗಬೇಕೋ, ಒಬ್ಬರು ಹೋದರೆ ಸಾಕೋ, ಆರತಕ್ಷತೆಗೆ ಮುಖ ತೋರಿಸಿದರೆ ನಡೆದೀತೋ ಅನ್ನುವುದು ಆ ಸಾಲಿನಲ್ಲಿಲ್ಲ. ಕಾರ್ಡನ್ನು ಯಾರು ತಂದರು, ಕುಂಕುಮ ಅಕ್ಷತೆ ಜತೆ ಕೊಟ್ಟರೋ ಗೇಟಿನಲ್ಲೇ ಕೊಟ್ಟು ಹೋದರೋ, ನಮ್ಮ ಮನೆ ಮದುವೆಗೆ ಅವರೆಷ್ಟು ಜನ ಬಂದಿದ್ದರು, ಮುಯ್ಯಿ ಎಷ್ಟಿತ್ತು, ಇಷ್ಟೂ ಲೆಕ್ಕ ಹಾಕಿ ನಾವು ಆ ಸಾಲನ್ನು ಓದುತ್ತೇವೆ. "ಆಶೀರ್ವಾದವೇ ಉಡುಗೊರೆ" ಅಂತಿದ್ದರೂ ಜೇಬಿನಲ್ಲಿ ಲಕೋಟೆ ಇಟ್ಟುಕೊಂಡೇ ಹೋಗುತ್ತೇವೆ. ಹುಡುಗ ಒಮ್ಮೆ ಆ ಮಾತು ನಂಬಿ ಬರಿಗೈಯಲ್ಲಿ ಹೋಗಿ, ಮನಸಾರೆ ಹರಸಿ ಬಂದ. ಮೇಷ್ಟ್ರ ತಂಗಿಯ ಮನೆಯಲ್ಲಿ ಅದರ ಬಗ್ಗೆ ಎಷ್ಟು ಮಾತಾಯಿತೋ! ಅಚ್ಚು ಹಾಕಿಸಿದವರನ್ನು ಮಾತ್ರ ಯಾರೂ ಏನೂ ಅನ್ನಲಿಲ್ಲ. ಸರ್ಕಾರಿ ಅರ್ಜಿಗಳ ಪಾಡು ಬೇರೆ ಹೇಳಬೇಕೇ? "ಅಗತ್ಯ ದಾಖಲೆಗಳೊಂದಿಗೆ ಸಂಬಂಧಿಸಿದ ಶಾಖೆಯನ್ನು ಸಂಪರ್ಕಿಸುವುದು." ಇಲ್ಲಿ ಆಟಿಸಂ ಇರುವವರೂ ಇಲ್ಲದವರೂ ಒಂದೇ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಆಟಿಸಂ ಅನ್ನು 21 ಬಗೆಯ ವೈಕಲ್ಯಗಳಲ್ಲಿ ಸೇರಿಸಿದೆ. ಆದರೆ ಅದರ ಪ್ರಮಾಣಪತ್ರ ಪಡೆಯಲಿಕ್ಕೂ ಅರ್ಜಿ ತುಂಬಲೇಬೇಕಲ್ಲ.

ಮೇಷ್ಟ್ರಿಗೆ ಈಚೆಗೆ ಕುತೂಹಲ ಹತ್ತಿದೆ. "ಕಾದಂಬರಿಯನ್ನ ಇಂಥವರ ಜತೆ ಕೂತು ಓದಿದ ಮೇಷ್ಟ್ರುಗಳು ಯಾರಾದ್ರೂ ಇದಾರಾ?" ಅಂತ ಕೇಳಿದರು. ಇದ್ದಾರೆ. ಅಮೆರಿಕದ ಗ್ರಿನೆಲ್ ಕಾಲೇಜಿನ ಇಂಗ್ಲಿಷ್ ಪ್ರಾಧ್ಯಾಪಕ ರಾಲ್ಫ್ ಸವರೀಸ್ ಆಟಿಸಂ ಇರುವ ಹಲವರ ಜತೆ ಒಬ್ಬೊಬ್ಬರೊಡನೆ ಒಂದೊಂದು ಕೃತಿ ಓದಿ, ಆ ಅನುಭವವನ್ನು 2018ರಲ್ಲಿ ಪುಸ್ತಕ ಮಾಡಿದರು. ಅವರೊಂದಿಗೆ ಮೊಬಿ ಡಿಕ್ ಓದಿದವರು ಟಿಟೊ ರಾಜರ್ಷಿ ಮುಖೋಪಾಧ್ಯಾಯ, ಬಾಲ್ಯದ ಕೆಲವು ವರ್ಷ ನಮ್ಮ ಮೈಸೂರು ಬೆಂಗಳೂರುಗಳಲ್ಲಿ ಬೆಳೆದವರು. ಮಾತು ಬಹಳ ಕಡಿಮೆ, ಬರವಣಿಗೆಯೇ ಬಾಯಿ. ಅವರ ಮೊದಲ ಪುಸ್ತಕ 2000ದಲ್ಲಿ ಬ್ರಿಟನ್ನಿನಲ್ಲಿ ಪ್ರಕಟವಾಯಿತು. ಅವರ ತಾಯಿ ಸೋಮಾ ರೂಪಿಸಿದ ಕಲಿಕೆಯ ವಿಧಾನಕ್ಕೆ ಅಮೆರಿಕದ ವಾಕ್-ಶ್ರವಣ ತಜ್ಞರ ಸಂಘ 2018ರಲ್ಲಿ ಬಲವಾಗಿ ಆಕ್ಷೇಪಿಸಿತು, ಆ ತಕರಾರು ಇನ್ನೂ ಇದೆ. ಅದನ್ನು ಮುಚ್ಚಿಟ್ಟು ಹೇಳಬಾರದು. ಮೊಬಿ ಡಿಕ್ ಅಂದರೆ 135 ಅಧ್ಯಾಯದ ಪುಸ್ತಕ, ನಡುನಡುವೆ ತಿಮಿಂಗಿಲಗಳ ವರ್ಗೀಕರಣವೇ ಪುಟಗಟ್ಟಲೆ. ಸಾಮಾನ್ಯ ಓದುಗರು ಅನ್ನಿಸಿಕೊಂಡ ನಮ್ಮಂಥವರು ಆ ಪುಟಗಳನ್ನು ಹಾರಿಸಿಯೇ ಆ ಕಾದಂಬರಿ ಓದಿದ್ದೇವೆ ಅನ್ನುವುದು.

ಲಿವರ್‌ಪೂಲ್ ವಿಶ್ವವಿದ್ಯಾಲಯದವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಆಟಿಸಂ ಇರುವ ಒಬ್ಬರು, ಇಲ್ಲದ ಒಬ್ಬರು, ಹೀಗೆ ಜೋಡಿ ಮಾಡಿ ಸ್ಟೈನ್‌ಬೆಕ್‌ನ ಆಫ್ ಮೈಸ್ ಅಂಡ್ ಮೆನ್ ಓದಲು ಕೊಟ್ಟು, ಆಮೇಲೆ ಜೋಡಿಯಾಗಿ ಮಾತಾಡಿಸಿದರು. ಅದರ ಫಲ 2021ರಲ್ಲಿ ಪ್ರಕಟವಾಯಿತು. ಪುಸ್ತಕದ ಪಾತ್ರಗಳನ್ನು ಮುಂದಿಟ್ಟುಕೊಂಡು ಮಾತಾಡುತ್ತ ಹೋದ ಹಾಗೆ "ಇವರು ಇಂಥವರು" ಅನ್ನುವ ಹಣೆಪಟ್ಟಿ ಎರಡೂ ಕಡೆಯಿಂದ ಕಳಚಿತಂತೆ.

ಇದನ್ನು ಕೇಳಿದ್ದೇ ಮೇಷ್ಟ್ರು ತಾವೂ ಒಂದು ಜೋಡಿ ಆಗಿಬಿಟ್ಟರು. ಆರಿಸಿದ್ದು ಕುವೆಂಪು ಅವರ ಮಲೆಗಳಲ್ಲಿ ಮದುಮಗಳು. ತರಗತಿಗಳಲ್ಲಿ ಎಷ್ಟೋ ಸಲ ಹೇಳಿದ ಪುಸ್ತಕ, ತಮಗೆ ತಿಳಿಯದ್ದು ಅದರಲ್ಲೇನೂ ಇಲ್ಲ ಅನ್ನುವ ಧೈರ್ಯ. ಹುಡುಗ ಒಂದು ದೊಡ್ಡ ಹಾಳೆಯ ಮೇಲೆ ಊರುಗಳನ್ನೆಲ್ಲ ಬರೆದು, ಯಾರು ಯಾವ ದಾರಿಯಲ್ಲಿ ಯಾವ ಹೊತ್ತಿಗೆ ನಡೆದರು ಅಂತ ಗೆರೆ ಎಳೆದುಕೊಂಡು ಓದುತ್ತಾನೆ. ಅಷ್ಟೊಂದು ಪಾತ್ರಗಳಿರುವ ಕಾದಂಬರಿಗೆ ಅದು ಬೇಕೇ ಬೇಕು. ಮೇಷ್ಟ್ರಿಗೆ ಮೊದಲು ನಗು ಬಂತು, ಈಗ ಆ ಹಾಳೆಯನ್ನು ಅವರೂ ಇಣುಕಿ ನೋಡುತ್ತಾರೆ.

ನಿನ್ನೆ ಮುಗಿಸಿದರು. ಕಾಂಪೌಂಡಿನ ಹತ್ತಿರ ಬಂದವರ ಮುಖ ಗಂಟಿಕ್ಕಿತ್ತು. ಜಾತಿ, ಮತಾಂತರ, ಹಳೆಯ ಮನೆತನಗಳ ಕುಸಿತ, ಬದಲಾಗುವ ಕಾಲ ಇವೆಲ್ಲ ಕಾದಂಬರಿಯ ಹೃದಯ ಅಂತ ಇವರು ವಿವರಿಸಿದರಂತೆ. ಹುಡುಗ ಎಲ್ಲ ಕೇಳಿಕೊಂಡು, "ಹುಲಿಯನ ಬಗ್ಗೆ ಯಾಕೆ ಏನೂ ಹೇಳಲಿಲ್ಲ ಮಾವ?" ಅಂದನಂತೆ. ಹುಲಿಯ ಅಂದರೆ ನಾಯಿಗುತ್ತಿಯ ನಾಯಿ. ಶುರುವಿನಲ್ಲೇ ಗುತ್ತಿಯ ಜತೆ ಬಂದು, ಕೊನೆಗೆ ತುಂಗೆಯ ಪ್ರವಾಹದಲ್ಲಿ ಹೋಗಿಬಿಡುತ್ತದೆ.

"ನಾಯಿ ಗೌಣ ಕಣೋ ಅಂದೆ ರಾಯರೇ. ಅವನು ಪೆನ್ಸಿಲ್ಲು ಹಿಡಿದುಕೊಂಡು ಕೂತ. ನಾಯಿ ಬರೋ ಪುಟಗಳನ್ನೆಲ್ಲ ಗುರುತು ಹಾಕಿ ತೋರಿಸ್ದ. ಕೊನೇ ಅಧ್ಯಾಯ ನಾಕು ಸಲ ಓದಿದೀನಿ, ಪ್ರತಿ ಸಲವೂ ಅಳು ಬಂತು ಅಂದ. ನನಗೆ ಅಲ್ಲಿ ಅಳು ಬಂದಿದ್ದೇ ನೆನಪಿಲ್ಲ."

"ಮತ್ತೇನು ಮಾಡಿದ್ರಿ?"

"ಏನು ಮಾಡೋದು? ಪರೀಕ್ಷೆಗೆ ನಾಯಿ ಮೇಲೆ ಪ್ರಶ್ನೆ ಬರ್ತಿರಲಿಲ್ಲ ಕಣೋ ಅಂದೆ. ‘ಪ್ರಶ್ನೆಪತ್ರಿಕೆ ತೆಗೀತಿದ್ದವರು ನೀವೇ ಅಲ್ವಾ ಮಾವ’ ಅಂದ."